ಒಮ್ಮೆ ಬರೆದು ಎಲ್ಲೆಡೆ ಬಳಸಬಹುದಾದ ಕ್ಯಾಶಿಂಗ್ ವಿನ್ಯಾಸ

ಅಪ್ಲಿಕೇಶನ್ ನಿಧಾನವಾಯಿತೆಂದು ಕ್ಯಾಶ್ (ಡೇಟಾಬೇಸಿನಿಂದ ತಂದ ಮಾಹಿತಿಯನ್ನು ಮತ್ತೆ ಬೇಗ ಕೊಡಲು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಸೇರಿಸಲು ಹೊರಡುವ ಮುನ್ನ, ಅದರಲ್ಲಿ ಇಡಲಿರುವ ಪ್ರತಿಯೊಂದು ಮಾಹಿತಿಯೂ ಎಷ್ಟು ಹೊತ್ತು ಹಳೆಯದಾಗಿದ್ದರೆ ನಡೆದೀತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಉತ್ಪನ್ನವೊಂದರ ವಿವರಣೆ ಐದು ನಿಮಿಷ ಹಳೆಯದಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಖಾತೆಯಲ್ಲಿರುವ ಮೊತ್ತವನ್ನು ನೋಡಿ ಹಣ ವರ್ಗಾವಣೆಗೆ ಒಪ್ಪಿಗೆ ಕೊಡುವ ಕೋಡ್ ಕ್ಯಾಶ್ ಅನ್ನು ನಂಬುವಂತೆಯೇ ಇಲ್ಲ. ಅದು ಪ್ರತಿ ಸಲವೂ ಡೇಟಾಬೇಸನ್ನೇ ಕೇಳಬೇಕು.

ಮುಂದಿನ ಹೆಜ್ಜೆಯೆಂದರೆ ಕ್ಯಾಶ್‌ಗೆ ಸಂಬಂಧಿಸಿದ ತರ್ಕವನ್ನೆಲ್ಲ ಒಂದೇ ಫಂಕ್ಷನ್‌ನೊಳಗೆ ತರುವುದು. ಅದಕ್ಕೆ ಮೂರು ಸಂಗತಿಗಳನ್ನು ಕೊಟ್ಟರೆ ಸಾಕು: ಕೀ (ಮಾಹಿತಿಯನ್ನು ಗುರುತಿಸುವ ಹೆಸರು), ಅವಧಿ (ಅಂದರೆ ಟಿಟಿಎಲ್, ಮಾಹಿತಿ ಕ್ಯಾಶ್‌ನಲ್ಲಿ ಉಳಿಯುವ ಸಮಯ) ಮತ್ತು ಮಾಹಿತಿಯನ್ನು ಮೂಲದಿಂದ ತರುವ ಇನ್ನೊಂದು ಫಂಕ್ಷನ್. ಕ್ಯಾಶ್‌ನಲ್ಲಿ ಸಿಕ್ಕರೆ ಅದನ್ನೇ ಹಿಂದಿರುಗಿಸುವುದು, ಸಿಗದಿದ್ದರೆ ಡೇಟಾಬೇಸಿನಿಂದ ತಂದು ಕ್ಯಾಶ್‌ನಲ್ಲಿಟ್ಟು ಹಿಂದಿರುಗಿಸುವುದು: ಕ್ಯಾಶ್-ಅಸೈಡ್ ಎಂದು ಕರೆಯುವ ಈ ಕ್ರಮವೇ ಬಹುಪಾಲು ಅಪ್ಲಿಕೇಶನ್‌ಗಳಿಗೆ ಸಾಕಾಗುತ್ತದೆ. ಇದೇ ನಾಲ್ಕು ಸಾಲನ್ನು ಕೋಡಿನ ಹತ್ತಾರು ಕಡೆ ನಕಲು ಮಾಡಿದರೆ, ಮುಂದೆ ಹೇಳುವ ರಕ್ಷಣೆಗಳಲ್ಲಿ ಒಂದನ್ನು ಸೇರಿಸಬೇಕೆಂದಾಗಲೂ ಅಷ್ಟೂ ಕಡೆ ಕೈಹಾಕಬೇಕಾಗುತ್ತದೆ.

ಕೀಯನ್ನು ಕಟ್ಟುವಾಗ ಅವಸರ ಬೇಡ. ‘ಉತ್ಪನ್ನ:ವಿ3:48213:ಕನ್ನಡ’ ಎಂಬಂತಹ ಕೀಯಲ್ಲಿ ಮಾಹಿತಿಯ ಬಗೆ, ರಚನೆಯ ಆವೃತ್ತಿ, ಗುರುತಿನ ಸಂಖ್ಯೆ ಮತ್ತು ಭಾಷೆ ನಾಲ್ಕೂ ಇವೆ. ಆವೃತ್ತಿ ಏಕೆಂದರೆ, ಹೊಸ ಕೋಡ್ ಬಿಡುಗಡೆಯಾಗುವಾಗ ಹಳೆಯ ಮತ್ತು ಹೊಸ ಸರ್ವರ್‌ಗಳು ಸ್ವಲ್ಪ ಹೊತ್ತು ಜೊತೆಯಾಗಿ ಓಡುತ್ತಿರುತ್ತವೆ, ಆಗ ಒಂದು ಬರೆದ ರಚನೆಯನ್ನು ಇನ್ನೊಂದು ಓದಲಾಗದೆ ಮುಗ್ಗರಿಸುತ್ತದೆ. ಸಂಖ್ಯೆಯನ್ನು ವಿ4 ಎಂದು ಬದಲಿಸಿದರೆ ಎರಡೂ ಬೇರೆಬೇರೆ ಕೀಗಳನ್ನು ಬಳಸುತ್ತವೆ, ಹಳೆಯವು ಅವಧಿ ಮುಗಿದು ತಾವಾಗಿಯೇ ಅಳಿಯುತ್ತವೆ. ಉತ್ತರವು ಬಳಕೆದಾರರಿಂದ ಬಳಕೆದಾರರಿಗೆ ಬದಲಾಗುವುದಾದರೆ ಬಳಕೆದಾರರ ಗುರುತೂ ಕೀಯಲ್ಲಿ ಇರಲೇಬೇಕು. ಅದನ್ನು ಮರೆತಾಗ ಒಬ್ಬರ ಖಾಸಗಿ ಮಾಹಿತಿ ಇನ್ನೊಬ್ಬರ ಪರದೆಯ ಮೇಲೆ ಕಾಣಿಸುತ್ತದೆ, ಕ್ಯಾಶಿಂಗ್‌ನಲ್ಲಿ ಇದಕ್ಕಿಂತ ಗಂಭೀರವಾದ ತಪ್ಪು ಇನ್ನೊಂದಿಲ್ಲ.

ಮಾಹಿತಿ ಬದಲಾದಾಗ ಮೊದಲು ಡೇಟಾಬೇಸಿನಲ್ಲಿ ಕಮಿಟ್ ಮಾಡಿ (ಅಂದರೆ ಬದಲಾವಣೆಯನ್ನು ಖಾಯಂಗೊಳಿಸಿ), ನಂತರ ಕ್ಯಾಶ್‌ನಲ್ಲಿರುವ ಕೀಯನ್ನು ಅಳಿಸಬೇಕು. ಅಳಿಸುವ ಬದಲು ಹೊಸ ಮೌಲ್ಯವನ್ನೇ ಬರೆಯಹೊರಟರೆ, ಏಕಕಾಲದಲ್ಲಿ ನಡೆದ ಎರಡು ಬದಲಾವಣೆಗಳು ಕ್ಯಾಶ್ ಅನ್ನು ತಲುಪುವಾಗ ಹಿಂದುಮುಂದಾಗಿ ಹಳೆಯದೇ ಉಳಿದುಬಿಡಬಹುದು. ಅಳಿಸುವ ಕ್ರಮದಲ್ಲೂ ಒಂದು ಸಣ್ಣ ಸಂದು ಉಳಿಯುತ್ತದೆ: ಒಂದು ಕೋರಿಕೆ ಡೇಟಾಬೇಸಿನಿಂದ ಹಳೆಯ ಮೌಲ್ಯವನ್ನು ಓದಿ ಕ್ಷಣಕಾಲ ತಡೆದು ನಿಂತಿರುವಾಗಲೇ ಇನ್ನೊಂದು ಕೋರಿಕೆ ಹೊಸದನ್ನು ಕಮಿಟ್ ಮಾಡಿ ಕೀಯನ್ನು ಅಳಿಸುತ್ತದೆ, ಆಮೇಲೆ ಮೊದಲನೆಯದು ತನ್ನ ಹಳೆಯ ಮೌಲ್ಯವನ್ನು ತಂದಿಡುತ್ತದೆ. ಫೇಸ್‌ಬುಕ್‌ನ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಲೀಸ್ ಎಂಬ ಪರಿಹಾರವಿದೆ. ಕೀ ಸಿಗದಿದ್ದಾಗ ಕ್ಯಾಶ್ ಒಂದು ಟೋಕನ್ ಕೊಡುತ್ತದೆ, ನಡುವೆ ಕೀ ಅಳಿಸಲ್ಪಟ್ಟರೆ ಆ ಟೋಕನ್ ಹಿಡಿದು ಬಂದ ಬರಹವನ್ನು ತಿರಸ್ಕರಿಸುತ್ತದೆ. ಅಷ್ಟು ದೂರ ಹೋಗಲಾಗದವರು ಯಾವ ಕೀಯನ್ನೂ ಅವಧಿಯಿಲ್ಲದೆ ಇಡಬಾರದು. ಆಗ ತಪ್ಪು ನುಸುಳಿದರೂ ಅದರ ಆಯುಷ್ಯಕ್ಕೆ ಮಿತಿಯಿರುತ್ತದೆ.

ಬರಹವನ್ನು ಮೊದಲು ಕ್ಯಾಶ್‌ನಲ್ಲಿ ಸ್ವೀಕರಿಸಿ, ಡೇಟಾಬೇಸಿಗೆ ನಿಧಾನವಾಗಿ ತಲುಪಿಸುವ ರೈಟ್-ಬಿಹೈಂಡ್ ವಿಧಾನವೂ ಇದೆ. ನಡುವೆ ಕ್ಯಾಶ್ ನಿಂತುಹೋದರೆ ಬರಹವೇ ನಷ್ಟವಾಗಬಹುದಾದ್ದರಿಂದ, ವೀಕ್ಷಣೆಗಳ ಎಣಿಕೆಯಂತಹ ಹಗುರ ಮಾಹಿತಿಗೆ ಮಾತ್ರ ಅದನ್ನು ಬಳಸುವುದು ಕ್ಷೇಮ.

ಹೆಚ್ಚಿನ ಗಮನ ಬೇಡುವುದು ಜನಪ್ರಿಯ ಕೀಯ ಅವಧಿ ಮುಗಿಯುವ ಗಳಿಗೆ. ಆ ಕೀಗೆ ಸೆಕೆಂಡಿಗೆ 500 ಕೋರಿಕೆಗಳು ಬರುತ್ತಿದ್ದು, ಡೇಟಾಬೇಸಿಗೆ ಕಳಿಸುವ ಪ್ರಶ್ನೆಗೆ, ಅಂದರೆ ಕ್ವೆರಿಗೆ, 2 ಸೆಕೆಂಡು ಹಿಡಿಯುವುದಾದರೆ, ಮೊದಲ ಉತ್ತರ ಬರುವಷ್ಟರಲ್ಲಿ ಒಂದೇ ಕ್ವೆರಿ ಸಾವಿರ ಸಲ ಹೊರಟಿರುತ್ತದೆ, ಆ ಹೊರೆಯಿಂದ ಉತ್ತರ ಇನ್ನಷ್ಟು ತಡವಾಗುತ್ತದೆ. ಇದನ್ನು ತಡೆಯಲು, ಒಂದೇ ಕೀಗಾಗಿ ಬಂದವರಲ್ಲಿ ಒಬ್ಬರು ಮಾತ್ರ ಡೇಟಾಬೇಸಿಗೆ ಹೋಗಿ ಉಳಿದವರು ಆ ಉತ್ತರಕ್ಕೆ ಕಾಯುವಂತೆ ನಮ್ಮ ಫಂಕ್ಷನ್‌ನೊಳಗೆ ಏರ್ಪಾಡು ಮಾಡಬೇಕು. ಗೋ ಭಾಷೆಯಲ್ಲಿ ಸಿಂಗಲ್‌ಫ್ಲೈಟ್ ಎಂಬ ಪ್ಯಾಕೇಜ್ ಈ ಕೆಲಸ ಮಾಡುತ್ತದೆ, ಜಾವಾದ ಕೆಫೀನ್ ಲೈಬ್ರರಿಯ ಲೋಡಿಂಗ್ ಕ್ಯಾಶ್‌ನಲ್ಲಿ ಇದು ಅಂತರ್ಗತವಾಗಿದೆ. ಇದು ಒಂದು ಪ್ರೊಸೆಸ್‌ನೊಳಗಿನ (ಓಡುತ್ತಿರುವ ಒಂದು ಪ್ರೋಗ್ರಾಮಿನೊಳಗಿನ) ರಕ್ಷಣೆ. ತಲಾ ಒಂದು ಪ್ರೊಸೆಸ್ ಇರುವ 20 ಸರ್ವರ್‌ಗಳಿದ್ದರೆ ಕ್ವೆರಿ 20 ಸಲ ಹೋಗಬಹುದು, ಸಾಮಾನ್ಯವಾಗಿ ಅಷ್ಟನ್ನು ಡೇಟಾಬೇಸ್ ತಾಳಿಕೊಳ್ಳುತ್ತದೆ. ಹಳೆಯ ಉತ್ತರವನ್ನು ಒಪ್ಪಬಹುದಾದ ಕಡೆ ಇನ್ನೂ ಉತ್ತಮವಾದ ದಾರಿಯೆಂದರೆ ಎರಡು ಅವಧಿಗಳನ್ನಿಡುವುದು: ಮೊದಲನೆಯದು ಮುಗಿದ ಮೇಲೆ ಬಂದವರಿಗೆ ಹಳೆಯದನ್ನೇ ಕೊಟ್ಟು ಹಿನ್ನೆಲೆಯಲ್ಲಿ ಹೊಸದನ್ನು ತರಿಸುವುದು, ಎರಡನೆಯದೂ ಮುಗಿದರೆ ಮಾತ್ರ ಕಾಯಿಸುವುದು. ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿ ಸ್ಟೇಲ್-ವೈಲ್-ರಿವ್ಯಾಲಿಡೇಟ್ ಎಂಬ ಹೆಸರಿನಲ್ಲಿ ಇದನ್ನು ಆರ್‌ಎಫ್‌ಸಿ 5861 ಎಂಬ 2010ರ ಅಂತರ್ಜಾಲ ತಾಂತ್ರಿಕ ದಾಖಲೆ ವಿವರಿಸುತ್ತದೆ. ಜೊತೆಗೆ, 300 ಸೆಕೆಂಡುಗಳ ಅವಧಿಯನ್ನು ಪ್ರತಿ ಕೀಗೂ 270ರಿಂದ 330ರ ನಡುವೆ ಯಾದೃಚ್ಛಿಕವಾಗಿ ಹರಡಿದರೆ, ಒಟ್ಟಿಗೆ ತುಂಬಿಸಿದ ಕೀಗಳು ಒಟ್ಟಿಗೇ ಮುಗಿಯುವುದಿಲ್ಲ.

ಡೇಟಾಬೇಸಿನಲ್ಲಿ ಇಲ್ಲದ ಗುರುತಿನ ಸಂಖ್ಯೆಯನ್ನು ಯಾರಾದರೂ ಮತ್ತೆಮತ್ತೆ ಕೇಳುತ್ತಿದ್ದರೆ ‘ಇಲ್ಲ’ ಎಂಬ ಗುರುತನ್ನೂ 30 ಸೆಕೆಂಡುಗಳ ಮಟ್ಟಿಗೆ ಕ್ಯಾಶ್‌ನಲ್ಲಿಡಬಹುದು. ಡೇಟಾಬೇಸ್ ಉತ್ತರಿಸದೆ ಬಂದ ದೋಷವನ್ನು ಮಾತ್ರ ‘ಇಲ್ಲ’ ಎಂದು ದಾಖಲಿಸಕೂಡದು.

ಕ್ಯಾಶ್‌ಗಾಗಿ ರೆಡಿಸ್ (ಮಾಹಿತಿಯನ್ನು ಮೆಮೊರಿಯಲ್ಲಿಟ್ಟುಕೊಳ್ಳುವ ಸಾಫ್ಟ್‌ವೇರ್) ಬಳಸುವವರು ಮೆಮೊರಿಯ ಮಿತಿಯನ್ನು ತಾವೇ ನಿಗದಿಪಡಿಸಬೇಕು. ಅದರ ಪೂರ್ವನಿಯೋಜಿತ ನೀತಿ ನೋ-ಎವಿಕ್ಷನ್ ಆಗಿರುವುದರಿಂದ, ಮಿತಿ ಮುಟ್ಟಿದಾಗ ಹಳೆಯ ಕೀಗಳನ್ನು ತೆಗೆಯುವ ಬದಲು ಹೊಸ ಬರಹಗಳಿಗೆ ದೋಷ ಕೊಡುತ್ತದೆ. ಕ್ಯಾಶ್ ಆಗಿ ಬಳಸುವಾಗ ಬಹಳ ಹೊತ್ತಿನಿಂದ ಬಳಕೆಯಾಗದ ಕೀಗಳನ್ನು ಮೊದಲು ತೆಗೆಯುವ ಆಲ್‌ಕೀಸ್-ಎಲ್‌ಆರ್‌ಯು ನೀತಿಯನ್ನು ಆರಿಸುವುದು ಸೂಕ್ತ. ಇನ್ನು ಅಳತೆಯ ವಿಷಯ: ಕ್ಯಾಶ್‌ನಲ್ಲಿ ಸಿಗುವ ಪ್ರಮಾಣ ಶೇ. 99ರಿಂದ 90ಕ್ಕೆ ಇಳಿದರೆ ಸಣ್ಣ ವ್ಯತ್ಯಾಸವೆನಿಸುತ್ತದೆ, ಆದರೆ ಡೇಟಾಬೇಸಿಗೆ ಹೋಗುವ ಕೋರಿಕೆ ನೂರಕ್ಕೆ ಒಂದರಿಂದ ಹತ್ತಕ್ಕೆ ಏರಿ ಹೊರೆ ಹತ್ತು ಪಟ್ಟಾಗಿರುತ್ತದೆ. ಆದ್ದರಿಂದ ಗ್ರಾಫಿನಲ್ಲಿ ಸಿಗದ ಕೋರಿಕೆಗಳ ಸಂಖ್ಯೆಯನ್ನು ತೋರಿಸುವುದೇ ಮೇಲು.

ಬಿಡುಗಡೆಗೆ ಮೊದಲು ಪರೀಕ್ಷಾ ಪರಿಸರದಲ್ಲಿ ನಿಜವಾದ ಹೊರೆ ಹಾಕಿ ರೆಡಿಸ್ ಅನ್ನು ನಿಲ್ಲಿಸಿ ನೋಡಬೇಕು. ಫಂಕ್ಷನ್ ಕೆಲವು ಮಿಲಿಸೆಕೆಂಡುಗಳಲ್ಲೇ ಕ್ಯಾಶ್‌ನ ಆಸೆ ಬಿಟ್ಟು ಡೇಟಾಬೇಸಿನ ಕಡೆ ತಿರುಗಬೇಕು, ಒಮ್ಮೆಗೆ ಹೋಗುವ ಕ್ವೆರಿಗಳಿಗೆ ಮಿತಿ ಹಾಕಬೇಕು ಮತ್ತು ಮಿತಿ ಮೀರಿದ ಕೋರಿಕೆಗಳಿಗೆ ಕೂಡಲೇ ದೋಷವನ್ನು ತಿಳಿಸಬೇಕು. ಆಮೇಲೆ ಬರಿದಾದ ರೆಡಿಸ್ ಅನ್ನು ಮತ್ತೆ ಚಾಲೂ ಮಾಡಿ, ಅದು ತುಂಬಿಕೊಳ್ಳುವವರೆಗೆ ಡೇಟಾಬೇಸ್ ತಡೆದುಕೊಳ್ಳುತ್ತದೆಯೇ ಎಂಬುದನ್ನೂ ಅದೇ ಹೊರೆಯಲ್ಲಿ ಪರೀಕ್ಷಿಸಬೇಕು.