ಹಳೇ ಕಾರಿನ ಚಾಸಿಗೆ ಉಪ್ಪುಗಾಳಿಯ ಕಾಟ: ಕೆಲಸ ಹೀಗೆ ಮಾಡಿ

ರೋಲ್ಸ್ ರಾಯ್ಸ್ ಸಿಲ್ವರ್ ಕ್ಲೌಡ್ (1955-66) ತರಹದ ಕಾರಿಗೆ ಬಾಡಿ ಬೇರೆ, ಚಾಸಿ (ಬಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು) ಬೇರೆ. 1965ರಲ್ಲಿ ಬಂದ ಸಿಲ್ವರ್ ಶ್ಯಾಡೋಗೆ ಹಾಗಿಲ್ಲ, ಅದರ ಕತೆ ಇಲ್ಲಿ ಬೇಡ.

ಮಂಗಳೂರಿನಲ್ಲಿ ಬಾಡಿ ಎತ್ತಿ ಚಾಸಿಯ ತುಕ್ಕು ತೆಗೆಯುವ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಕೈ ಹಾಕಲೇಬೇಡಿ.

ಬಾಡಿ ಎತ್ತುವ ಮೊದಲು ಫೋಟೋ ತೆಗೆದು, ಬೋಲ್ಟ್‌ಗಳಿಗೆ ಚೀಟಿ ಕಟ್ಟಿ. ಆಮೇಲೆ ಚಾಸಿಯನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ಮೇಲಿಟ್ಟು, ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕಡೆಯಿಂದ ಟೇಪ್ ಹಿಡಿದು ಅಳೆಯಿರಿ. ಎರಡು ಅಳತೆ ಹೊಂದದಿದ್ದರೆ ಚಾಸಿ ಸೊಟ್ಟಗಾಗಿದೆ ಅಂತ ಅರ್ಥ, ಅದನ್ನು ಸರಿ ಮಾಡದೆ ಪೇಂಟ್ ಬಳಿದರೆ ಸುಮ್ನೆ ದುಡ್ಡು ದಂಡ ಅಲ್ವಾ?

ತುಕ್ಕು ಜಾಸ್ತಿ ಅಡಗಿರುವುದು ಚಾಸಿಯ ಪೆಟ್ಟಿಗೆಯಾಕಾರದ ಟೊಳ್ಳು ಕಂಬಿಗಳ ಒಳಗೆ. ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಟಣ್ ಅನ್ನುವ ಬದಲು ಮಂದ ಸದ್ದು ಬಂದ ಕಡೆ ಗುರುತು ಹಾಕಿ. ಅಲ್ಲಿ ತೇಪೆ ಮೇಲೆ ತೇಪೆ ಬೇಡ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಉಕ್ಕನ್ನು ವೆಲ್ಡ್ ಮಾಡಿಸಿ.

ಬ್ಲಾಸ್ಟಿಂಗ್ (ಮರಳಿನಂಥ ಕಣಗಳನ್ನು ರಭಸದಿಂದ ಹೊಡೆದು ತುಕ್ಕು, ಹಳೇ ಪೇಂಟ್ ತೆಗೆಯುವುದು) ಆದ ದಿನವೇ ಎಪಾಕ್ಸಿ ಪ್ರೈಮರ್, ಅಂದರೆ ಪೇಂಟಿಗೂ ಮೊದಲು ಬಳಿಯುವ ತುಕ್ಕು ತಡೆಯುವ ಲೇಪ, ಹೊಡೆಯಿರಿ. ನಾನೊಮ್ಮೆ ನಾಳೆ ನೋಡೋಣ ಅಂತ ಬಿಟ್ಟೆ, ಬೆಳಗ್ಗೆ ಇಡೀ ಚಾಸಿ ಕೆಂಪು! ಕೊನೆಗೆ ಕಂಬಿಗಳೊಳಗೆ ಮೇಣ ಸಿಂಪಡಿಸಿ, ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ.