ಕನ್ನಡ ಮಾಧ್ಯಮದ ಎಂ.ಎ.ಯಿಂದ ಸಂಶೋಧನೆಯವರೆಗೆ: ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿ ನನ್ನ ಅನುಭವ

ಕಲ್ಯಾಣ ಕರ್ನಾಟಕದ ಹಳ್ಳಿಯೊಂದರಿಂದ ಬಂದು ಕನ್ನಡ ಮಾಧ್ಯಮದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದಾಗ, ಮುಂದೇನು ಎಂದು ಕೇಳಿದರೆ ಬಿ.ಇಡಿ. ಅಥವಾ ಕೆ.ಎ.ಎಸ್. ತಯಾರಿ ಎಂಬ ಎರಡೇ ಉತ್ತರಗಳು ಸಿಗುತ್ತಿದ್ದವು. ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ ಇಷ್ಟೆಂದು ಹಣ ಪಡೆದು ಸಂಶೋಧನೆ ಮಾಡಬಹುದು ಎಂದು ನನಗೆ ಮೊದಲು ಹೇಳಿದವರು ಹಾಸ್ಟೆಲಿನ ಹಿರಿಯ ಅಕ್ಕ ಒಬ್ಬರು. ಅಷ್ಟರಲ್ಲಿ ನಾನು ಕೊನೆಯ ಸೆಮಿಸ್ಟರಿನಲ್ಲಿದ್ದೆ. ಆ ಫೆಲೋಶಿಪ್ಪಿನ ತಿಂಗಳ ಮೊತ್ತ 2023ರ ಜನವರಿಯಿಂದ 37,000 ರೂಪಾಯಿಗೆ ಏರಿದೆ.

ಜೆ.ಆರ್.ಎಫ್.ಗೂ ಸಹಾಯಕ ಪ್ರಾಧ್ಯಾಪಕರ ಅರ್ಹತೆಗೂ ಬರೆಯಬೇಕಾದ ರಾಷ್ಟ್ರಮಟ್ಟದ ಪರೀಕ್ಷೆ ಯು.ಜಿ.ಸಿ. ನೆಟ್‌ನಲ್ಲಿ ಮೂರು ಗಂಟೆಗೆ 150 ಪ್ರಶ್ನೆಗಳು, 300 ಅಂಕಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತೊಡಕಿರುವುದು ಭಾಷೆಯಲ್ಲಿ, ಏಕೆಂದರೆ ರಾಜ್ಯಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ನಾನು ಓದಿದ ಪುಸ್ತಕಗಳಲ್ಲಿ 'ಸ್ಟೇಟ್' ಎಂಬುದು ಒಂದು ಕಡೆ 'ರಾಜ್ಯ', ಇನ್ನೊಂದು ಕಡೆ 'ಪ್ರಭುತ್ವ' ಎಂದಾಗಿತ್ತು. ಮೊದಲ ಪ್ರಯತ್ನದಲ್ಲಿ ಮಾರ್ಕ್ಸ್‌ವಾದಿ ಪ್ರಭುತ್ವ ಸಿದ್ಧಾಂತದ ಪ್ರಶ್ನೆಯೊಂದನ್ನು ಕೇಂದ್ರ–ರಾಜ್ಯ ಸಂಬಂಧದ ಪ್ರಶ್ನೆಯೆಂದು ಓದಿಕೊಂಡು ಉತ್ತರಿಸಿ ಬಂದೆ. ಅಂದು ಸಂಜೆಯೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಗೆರೆ ಎಳೆದೆ: ಇಂಗ್ಲಿಷ್ ಪದ, ಕನ್ನಡ ಪದ, ಆ ಪದ ನನಗೆ ಸಿಕ್ಕ ವಾಕ್ಯ. 'ಹೆಜೆಮನಿ' ಎದುರಿಗೆ 'ಯಾಜಮಾನ್ಯ' ಎಂದು ಬರೆದರೆ ಸಾಕಾಗುತ್ತಿತ್ತು. 'ಲೆಜಿಟಿಮಸಿ'ಗೆ ಮಾತ್ರ ಒಂದೇ ಪದ ಸಾಲದೆ, ಆಳುವವರ ಅಧಿಕಾರವನ್ನು ಜನರು ಸರಿಯೆಂದು ಒಪ್ಪಿಕೊಂಡಿರುವುದು ಎಂದು ಬಿಡಿಸಿ ಬರೆಯಬೇಕಾಯಿತು. ಸಹಾಯಕ ಪ್ರಾಧ್ಯಾಪಕರ ಅರ್ಹತೆಗಾಗಿ ಕರ್ನಾಟಕ ನಡೆಸುವ ಪರೀಕ್ಷೆ ಕೆ-ಸೆಟ್‌ನ ಪ್ರಶ್ನೆಗಳು ನನಗೆ ಕನ್ನಡದಲ್ಲಿಯೂ ಸಿಕ್ಕಿದ್ದರಿಂದ ಅದನ್ನು ಮೊದಲು ದಾಟಿದೆ. ಅದರ ಅರ್ಹತೆ ನಮ್ಮ ರಾಜ್ಯಕ್ಕೆ ಸೀಮಿತ, ಫೆಲೋಶಿಪ್ಪೂ ಇಲ್ಲ. ಆದರೂ ಕನ್ನಡ ಮಾಧ್ಯಮದವರು ಅದನ್ನು ಎರಡನೆಯ ದರ್ಜೆಯದೆಂದು ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಆ ಧೈರ್ಯದ ಮೇಲೆಯೇ ನಾನು ನೆಟ್ ಅನ್ನು ಮತ್ತೆ ಬರೆದು ಜೆ.ಆರ್.ಎಫ್. ಪಡೆದೆ.

ಪರೀಕ್ಷೆಗಳಿಗಿಂತ ಹೆಚ್ಚು ಕಲಿಸಿದ್ದು ಚುನಾವಣೆಗಳನ್ನು ಅಧ್ಯಯನ ಮಾಡುವ ಲೋಕನೀತಿ ಎಂಬ ಸಂಶೋಧನಾ ಕಾರ್ಯಕ್ರಮದ ಸಮೀಕ್ಷೆಯ ಕ್ಷೇತ್ರಕಾರ್ಯ. ಮತದಾರರ ಪಟ್ಟಿಯಿಂದ ಆರಿಸಿಕೊಟ್ಟ ಹೆಸರಿನವರನ್ನೇ ಹುಡುಕಿ ಮಾತನಾಡಿಸಬೇಕು. ಅವರು ಹೊಲಕ್ಕೆ ಹೋಗಿದ್ದರೆ ಪಕ್ಕದ ಮನೆಯವರನ್ನು ಕೇಳಿ ಮುಗಿಸುವಂತಿಲ್ಲ, ಏಕೆಂದರೆ ಹಗಲು ಮನೆಯಲ್ಲಿ ಸಿಗುವವರನ್ನಷ್ಟೇ ಕೇಳಿದರೆ ದುಡಿಯಲು ಹೋದವರ ಅಭಿಪ್ರಾಯ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಮಾದರಿ ಮತಪತ್ರವನ್ನು ಕೈಗಿಟ್ಟಾಗ ಅಜ್ಜಿಯೊಬ್ಬರು ಗೋಡೆಯ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಗುರುತು ಹಾಕಿ, ನಾಲ್ಕು ಮಡಿಕೆ ಮಡಚಿ ಡಬ್ಬಿಗೆ ಹಾಕಿದರು. ಗುಪ್ತ ಮತದಾನ ಎಂಬ ಪದ ನನಗೆ ಪೂರ್ತಿಯಾಗಿ ಅರ್ಥವಾದದ್ದು ಆಗಲೇ.

ಪಿಎಚ್.ಡಿ.ಯ ಸಂಶೋಧನಾ ಪ್ರಸ್ತಾವನೆ ಬರೆಯಲು, ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಮಹಾಪ್ರಬಂಧಗಳ ಸಂಶೋಧನಾ ವಿಧಾನದ ಅಧ್ಯಾಯಗಳನ್ನಷ್ಟೇ ಓದಿದೆ. ಜೆ.ಆರ್.ಎಫ್. ಸಿಗದವರು ಐ.ಸಿ.ಎಸ್.ಎಸ್.ಆರ್.ನ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್ಪಿಗೂ, ಬೆಂಗಳೂರಿನ ನಾಗರಬಾವಿಯ ಐಸೆಕ್‌ನ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಶೋಧನಾ ಸಂಸ್ಥೆ) ಪಿಎಚ್.ಡಿ. ಪ್ರವೇಶಕ್ಕೂ ಅರ್ಜಿ ಹಾಕಬೇಕು.

ಪಿಎಚ್.ಡಿ.ಯ ಎರಡನೆಯ ವರ್ಷ ನನ್ನ ಅಧ್ಯಾಯವೊಂದು ಮಾರ್ಗದರ್ಶಕರ ಮೇಜಿನ ಮೇಲೆ ಏಳು ತಿಂಗಳು ಉಳಿಯಿತು. ನಿದ್ದೆ ಹೋಯಿತು, ಬರೆಯುವುದೂ ನಿಂತಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿದ ಮೇಲೆ, ಅಧ್ಯಾಯ ಸಲ್ಲಿಸಿದ ದಿನಾಂಕಗಳನ್ನು ಪಟ್ಟಿ ಮಾಡಿ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಟ್ಟೆ. ಮೂರು ವಾರಗಳಲ್ಲಿ ತಿದ್ದಿದ ಪ್ರತಿ ಕೈಗೆ ಬಂತು. ಈಗ ಎಂ.ಎ. ಮೊದಲ ಸೆಮಿಸ್ಟರಿನ ತಂಗಿಯರಿಗೆ ಆ ನೋಟ್‌ಬುಕ್ಕಿನ ನೆರಳಚ್ಚು ಕೊಡುವಾಗ, ಒಳಹೊದಿಕೆಯ ಮೇಲೆ ಈ ಸಂಖ್ಯೆಯನ್ನೂ ಬರೆದು ಕೊಡುತ್ತೇನೆ.