ಕೂದಲಂಚಿನ ಹಸಿರು ಗೆರೆ ಹೋಗಿದ್ದು ಹೀಗೆ

ಸಾಗರದ ನಮ್ಮ ಮನೆಯ ನಡುಮನೆಯಲ್ಲಿ ಹಸಿರು ಬಟ್ಟೆ ಕಟ್ಟಿ, ಅತ್ತಿಗೆ ಮಕ್ಕಳಿಗೆ ಕಥೆ ಹೇಳುವ ವಿಡಿಯೊ ಮಾಡುತ್ತಿದ್ದೆ. ಎಡಿಟಿಂಗ್‌ನಲ್ಲಿ ಹಸಿರನ್ನು ತೆಗೆದು, ಆ ಜಾಗದಲ್ಲಿ ಹಿಂದೆ ಜೋಗದ ದೃಶ್ಯ ಬರಬೇಕಿತ್ತು. ಆದರೆ ಕೂದಲಿನ ಸುತ್ತ ಹಸಿರು ಗೆರೆ, ಸೀರೆಯ ಜರಿಯಲ್ಲಿ ತೂತು! ಎಡಿಟಿಂಗ್‌ನಲ್ಲಿ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು.

ತಪ್ಪು ಇದ್ದದ್ದು ಶೂಟಿಂಗ್‌ನಲ್ಲೇ. ಅತ್ತಿಗೆ ಬಟ್ಟೆಗೆ ತಾಗುವಷ್ಟು ಹತ್ತಿರ ಕೂತಿದ್ದರು. ಬಟ್ಟೆಗೆ ಬಿದ್ದ ಬೆಳಕು ಹಸಿರಾಗಿ ಅವರ ಹೆಗಲು, ಕೂದಲು, ಜರಿಯ ಮೇಲೆ ವಾಪಸ್ ಬೀಳುತ್ತಿತ್ತು. ಏಳೆಂಟು ಅಡಿ ಮುಂದೆ ಕೂರಿಸಿದೆ. ಅರ್ಧ ತೊಂದರೆ ಅಲ್ಲೇ ಹೋಯಿತು.

ಇನ್ನರ್ಧ ಬೆಳಕಿನದು. ನಮ್ಮ ಮಳೆಗಾಲದಲ್ಲಿ ಮೋಡ ಬಂದು ಹೋದ ಹಾಗೆಲ್ಲ ಹಸಿರಿನ ಬಣ್ಣವೇ ಬದಲಾಗುತ್ತದೆ, ಅಲ್ವಾ? ಕಿಟಕಿ ಮುಚ್ಚಿದೆ. ಬಟ್ಟೆಯ ಎರಡೂ ಬದಿಗೆ ಒಂದೊಂದು ದೀಪ, ಅತ್ತಿಗೆಗೆ ಬೇರೆ ದೀಪ. ಬಟ್ಟೆಗೆ ಇಸ್ತ್ರಿ ಹಾಕಿದೆ, ಸುಕ್ಕಿನ ನೆರಳೂ ಕಾಟ ಕೊಡುತ್ತದೆ. ಮೊಬೈಲ್‌ನಲ್ಲಿ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ತಾನಾಗಿ ಬದಲಾಗದಂತೆ ಲಾಕ್ ಮಾಡಿ, ಶಟರ್ ವೇಗ 1/100 ಸೆಕೆಂಡಿಗೆ ಇಟ್ಟೆ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ದೀಪ ಮಿನುಗಲಿಲ್ಲ, ಕೈ ಆಡಿಸಿದಾಗಲೂ ಅಂಚು ಜಾಸ್ತಿ ಮಸುಕಾಗಲಿಲ್ಲ.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಸಾಮಾನ್ಯ ಮೊಬೈಲ್ ವಿಡಿಯೊದಲ್ಲಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಬಣ್ಣದ ಮಾಹಿತಿ ಒಂದೇ ಉಳಿಯುತ್ತದೆ. ಅದಕ್ಕೇ ಅಂಚು ಒರಟು. ಹಾಗಾಗಿ ಹೆಚ್ಚು ಪಿಕ್ಸೆಲ್ ಇರುವ 4ಕೆಯಲ್ಲಿ ತೆಗೆದು, ಕೀ ಮಾಡಿ (ಅಂದರೆ ಹಸಿರನ್ನು ತೆಗೆದು), ಕೊನೆಗೆ ಕಡಿಮೆ ಪಿಕ್ಸೆಲ್‌ನ 1080ಕ್ಕೆ ಇಳಿಸಿದೆ.

ಎಡಿಟಿಂಗ್‌ನಲ್ಲಿ ಈಗ ಮೊದಲು ಕಪ್ಪು-ಬಿಳುಪು ಮ್ಯಾಟ್, ಅಂದರೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ತೋರಿಸುವ ಚಿತ್ರ, ನೋಡುತ್ತೇನೆ. ಅತ್ತಿಗೆ ಪೂರ್ತಿ ಬಿಳಿ, ಹಿನ್ನೆಲೆ ಪೂರ್ತಿ ಕಪ್ಪು. ಬೂದು ಬಣ್ಣ ಕೂದಲ ತುದಿಯಲ್ಲಿ ಮಾತ್ರ ಇರಬೇಕು. ಉಳಿದ ಚೂರು ಹಸಿರಿಗೆ ಸ್ವಲ್ಪ ಡಿಸ್ಪಿಲ್ (ಮೈಮೇಲೆ ಬಿದ್ದ ಹಸಿರು ಛಾಯೆ ತೆಗೆಯುವ ಸೌಲಭ್ಯ) ಸಾಕು.